ಗಾರ್ಡ್ ರಾಯರ ಸ್ಪೀಕರಿನ ಗರಗರ

ನನ್ನ ತಂಗಿಯ ಮೊಮ್ಮಗಳು ಮನೆಮನೆಗೆ ಹೋಗಿ ಟೀವಿಗೆ ಸ್ಪೀಕರ್ ಜೋಡಿಸಿಕೊಡುವ ಕೆಲಸಕ್ಕೆ ಸೇರಿದ್ದಾಳೆ. ಸೇರಿದ ಮೊದಲ ವಾರವೇ ನನ್ನ ಬಳಿ ಬಂದು ಕೂತು, "ತಾತ, ಎಲ್ಲಾ ಸರಿಯಾಗೇ ಜೋಡಿಸಿರ್ತೀನಿ. ಆದ್ರೂ ಸೌಂಡ್ ಒಡಕೊಡಕಾಗಿ ಬರುತ್ತೆ. ಮೊದ್ಲು ಯಾವುದರ ಮೇಲೆ ಅನುಮಾನ ಪಡ್ಬೇಕು?" ಎಂದು ಕೇಳಿದಳು. ಕಾಫಿ ಕುಡಿದು ಮುಗಿಸುವಷ್ಟರಲ್ಲಿ ಉತ್ತರ ಸಿಗುತ್ತದೆಂದು ಅವಳು ಅಂದುಕೊಂಡಿದ್ದಳು. ನಾನು, ಬರೆದು ಕೊಡುತ್ತೇನೆ ಹೋಗು ಎಂದೆ. ಹಾಗೆ ಶುರುವಾದದ್ದು ಇದು.

ಅನುಮಾನದ ವಿಷಯವನ್ನು ನನ್ನನ್ನು ಬಿಟ್ಟು ಬೇರೆಯವರನ್ನು ಕೇಳಿದ್ದರೆ ನನಗೆ ಬೇಜಾರಾಗುತ್ತಿತ್ತು. ನಾನು ಹುಟ್ಟಾ ಅನುಮಾನದ ಮನುಷ್ಯ. ಹಾಲಿನವನು ಒಂದು ದಿನ ಅಳತೆಗಿಂತ ಹೆಚ್ಚು ಸುರಿದರೆ, ಇವತ್ತೇಕೆ ಇಷ್ಟು ಧಾರಾಳ ಎಂದು ಪಾತ್ರೆಯನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದೆ. ನನ್ನ ಹೆಂಡತಿ ಬದುಕಿದ್ದಾಗ, ಇವರಿಗೆ ದೇವರೇ ಪ್ರತ್ಯಕ್ಷನಾದರೂ ಮೊದಲು ಹಿಂದೆ ಹೋಗಿ ವೈರು ಎಲ್ಲಿಂದ ಬಂದಿದೆ ಎಂದು ನೋಡುತ್ತಾರೆ ಎಂದು ನೆಂಟರ ಮುಂದೆ ಆಡಿಕೊಳ್ಳುತ್ತಿದ್ದಳು. ಈ ಸ್ವಭಾವ ರೇಡಿಯೋ ರಿಪೇರಿಗೆ ಹೇಳಿ ಮಾಡಿಸಿದ್ದು ಎಂದು ನಾನು ಬಹಳ ಕಾಲ ನಂಬಿದ್ದೆ.

ಐವತ್ತರ ದಶಕದ ಕೊನೆಯಲ್ಲಿ ನಾನು ಕೆಲಸಕ್ಕೆ ಸೇರಿದ ಅಂಗಡಿ ಯಶವಂತಪುರದಲ್ಲಿ, ಸ್ಟೇಷನ್ನಿಗೆ ಹೋಗುವ ರಸ್ತೆಯಲ್ಲಿತ್ತು. ಯಜಮಾನರು ಸುಬ್ಬಯ್ಯನವರು. ರೇಡಿಯೋ ಕೆಲಸದ ಸರ್ಟಿಫಿಕೇಟನ್ನು ನಾನು ಅವರ ಮೇಜಿನ ಮೇಲೆ ಇಟ್ಟರೆ, ಅದನ್ನು ತಿರುವಿ ಹಿಂಭಾಗವನ್ನು ನೋಡಿ ವಾಪಸು ಕೊಟ್ಟರು. ಹಿಂಭಾಗದಲ್ಲಿ ಏನೂ ಇರಲಿಲ್ಲ. ಅವತ್ತೇ ಇವರು ನನ್ನ ಜಾತಿಯ ಮನುಷ್ಯ ಎಂದು ಗೊತ್ತಾಯಿತು. ಅವರು ನನಗೆ ಕಲಿಸಿದ ಮೊದಲ ಪಾಠ ಇಷ್ಟೇ. ಸದ್ದು ಕೆಟ್ಟರೆ ಮೊದಲು ಗಿರಾಕಿಯನ್ನು ಅನುಮಾನಿಸಬೇಕು, ಆಮೇಲೆ ವೈರನ್ನು, ಆಮೇಲೆ ಸೆಟ್ಟನ್ನು. ಪಟ್ಟಿ ಅಲ್ಲಿಗೆ ಮುಗಿಯುತ್ತಿತ್ತು. ಅದರ ಮುಂದೆ ಇನ್ನೇನಾದರೂ ಇರಬಹುದೇ ಎಂದು ನಾನೂ ಕೇಳಲಿಲ್ಲ.

ಆಗಿನ ಸಲಕರಣೆ ಈಗಿನವರಿಗೆ ಗೊತ್ತಿರುವುದಿಲ್ಲ. ಅನುಕೂಲಸ್ಥರ ಮನೆಯಲ್ಲಿ ಬಲ್ಬಿನಂಥ ವಾಲ್ವುಗಳು ಉರಿಯುವ ಒಂದು ರೇಡಿಯೋ. ಅದರ ಬೆನ್ನಲ್ಲಿ ಗ್ರಾಮಫೋನ್ ಸಿಕ್ಕಿಸಲು ಎರಡು ತೂತು, ಬೇರೆ ಸ್ಪೀಕರ್ ಸಿಕ್ಕಿಸಲು ಇನ್ನೆರಡು. ಕೈ ಕೂಡಿ ಬಂದಾಗ ಜನ ಕರೆಂಟಿನ ರೆಕಾರ್ಡ್ ಪ್ಲೇಯರ್ ತರುತ್ತಿದ್ದರು, ಇನ್ನೂ ಕೂಡಿ ಬಂದಾಗ ಮರದ ಪೆಟ್ಟಿಗೆಯಲ್ಲಿ ಒಂದು ದೊಡ್ಡ ಸ್ಪೀಕರ್. ಮೂರೂ ಬೇರೆ ಬೇರೆ ಊರಿನಲ್ಲಿ ತಯಾರಾದದ್ದು. ಮೂರು ಮನೆತನದ ಸೊಸೆಯರನ್ನು ಒಂದೇ ಅಡಿಗೆಮನೆಗೆ ಬಿಟ್ಟ ಹಾಗೆ. ಬೇರೆ ಬೇರೆಯಾಗಿದ್ದಾಗ ಸುಮ್ಮನಿದ್ದಂಥವು ಜೋಡಿಸಿದ ಕೂಡಲೇ ಗುಂಯ್ ಎನ್ನುತ್ತಿದ್ದವು, ಗರಗರ ಎನ್ನುತ್ತಿದ್ದವು. ಯಾರದು ತಪ್ಪು ಎಂದು ಹೇಳಲು ನಾವು ಹೋಗಬೇಕಾಗಿತ್ತು.

ನಾವು ಗಿರಾಕಿಯನ್ನು ಅನುಮಾನಿಸುತ್ತಿದ್ದಂತೆ ಅವರೂ ನಮ್ಮನ್ನು ಅನುಮಾನಿಸುತ್ತಿದ್ದರು. ರಿಪೇರಿಗೆ ಬಂದ ಸೆಟ್ಟು ಬಿಚ್ಚಿದರೆ ವಾಲ್ವುಗಳ ಮೇಲೆ ಸುಣ್ಣದ ಚುಕ್ಕೆ, ಮಸಿಯ ಗೀರು ಇರುತ್ತಿತ್ತು. ನಾವು ಒಳ್ಳೆಯದನ್ನು ತೆಗೆದುಕೊಂಡು ಹಳೆಯದನ್ನು ಹಾಕಬಾರದೆಂದು ಮನೆಯವರು ಗುರುತು ಮಾಡಿ ಕಳಿಸುತ್ತಿದ್ದರು. ಮೊದಮೊದಲು ನನಗೆ ಅವಮಾನವೆನಿಸುತ್ತಿತ್ತು. ಆಮೇಲೆ ಅಭ್ಯಾಸವಾಯಿತು.

ಹೆಬ್ಬಾಳದ ಒಂದು ಮನೆಯ ಕತೆ ಹೇಳಬೇಕು. ಆಗ ರೇಡಿಯೋ ಇಟ್ಟುಕೊಂಡವರು ವರ್ಷ ವರ್ಷ ಪೋಸ್ಟಾಫೀಸಿನಲ್ಲಿ ಲೈಸೆನ್ಸ್ ಕಟ್ಟಬೇಕಿತ್ತು. ಕಟ್ಟದವರನ್ನು ಹಿಡಿಯಲು ಇನ್ಸ್‌ಪೆಕ್ಟರುಗಳು ಬರುತ್ತಾರೆಂಬ ಭಯ ಎಲ್ಲ ಕಡೆ ಇತ್ತು. ನಾನು ಕೈಯಲ್ಲಿ ಚೀಲ ಹಿಡಿದು ಆ ಮನೆಯ ಬಾಗಿಲಿಗೆ ಹೋದರೆ, ಮನೆಯಾಕೆ ನಮ್ಮಲ್ಲಿ ರೇಡಿಯೋನೇ ಇಲ್ಲ ಎಂದರು. ರಿಪೇರಿಗೆ ಬರಹೇಳಿದ್ದು ಅವರ ಗಂಡನೇ. ನೀವು ಕರೆಸಿದ್ದಕ್ಕೆ ಬಂದವನು ನಾನು ಎಂದು ಎಷ್ಟು ಹೇಳಿದರೂ ಆಕೆ ಒಪ್ಪಲಿಲ್ಲ. ಕೊನೆಗೆ ಗಂಡ ತೋಟದಿಂದ ಬಂದು ನನ್ನನ್ನು ಗುರುತಿಸಿದ ಮೇಲೆ, ರಾಗಿ ತುಂಬಿದ ದೊಡ್ಡ ಕುಕ್ಕೆಯೊಳಗಿಂದ ರೇಡಿಯೋ ಹೊರಗೆ ಬಂತು. ಚೀಲ ಹಿಡಿದವರು ಯಾರೇ ಬೀದಿಗೆ ಬಂದರೂ ಆಕೆ ಅದನ್ನು ಅಲ್ಲಿ ಹೂತಿಡುತ್ತಿದ್ದರಂತೆ. ಸದ್ದು ಏಕೆ ಕೆಟ್ಟಿತ್ತೆಂದು ಹುಡುಕುವ ಕಷ್ಟವೇ ಬರಲಿಲ್ಲ. ಸ್ಪೀಕರಿನಿಂದ ಒಂದು ಹಿಡಿ ರಾಗಿ ಉದುರಿಸಿ ಬಂದೆ. ದಾರಿಯುದ್ದಕ್ಕೂ ಒಬ್ಬನೇ ನಕ್ಕೆ. ಆ ನಗುವನ್ನು ನೆನಪಿಟ್ಟುಕೊಂಡಿರಿ, ಮುಂದೆ ನನಗೇ ತಿರುಗಿ ಬರುತ್ತದೆ.

ಯಲಹಂಕದಲ್ಲಿ ಇನ್ನೊಬ್ಬರು ತಮ್ಮ ಪ್ಲೇಯರು ದಿನಾ ಬೆಳಿಗ್ಗೆ ಹನ್ನೊಂದರಿಂದ ಎಳೆದೆಳೆದು ಹಾಡುತ್ತದೆಂದು ದೂರು ಕೊಟ್ಟರು. ಪಕ್ಕದ ಮನೆಯವರು ಹೊಟ್ಟೆಕಿಚ್ಚಿಗೆ ಏನೋ ಮಾಡಿಸಿದ್ದಾರೆಂದು ಅವರ ದೃಢವಾದ ನಂಬಿಕೆ. ರೇಡಿಯೋ ತಲೆಗೆ ಕರಿದಾರವನ್ನೂ ಕಟ್ಟಿದ್ದರು. ನಾನು ಮೀಟರ್ ಹಿಡಿದು ಕೂತೆ. ಹನ್ನೊಂದಕ್ಕೆ ಬೀದಿಯ ಕೊನೆಯ ಹಿಟ್ಟಿನ ಗಿರಣಿ ಶುರುವಾಯಿತು, ಕರೆಂಟು ಕುಸಿಯಿತು, ಹಾಡೂ ಕುಸಿಯಿತು. ವಿಷಯ ತಿಳಿಸಿದ ಮೇಲೂ ಅವರು ದಾರ ಬಿಚ್ಚಲಿಲ್ಲ. ಗಿರಣಿಯವನು ಪಕ್ಕದ ಮನೆಯವರ ಬೀಗನಂತೆ.

ಈಗ ಮುನಿರಾಜು ವಿಷಯ. ಅವನು ನನಗಿಂತ ಐದಾರು ವರ್ಷ ದೊಡ್ಡವನು, ಬ್ಯಾಟರಾಯನಪುರದ ಒಕ್ಕಲು ಮನೆಯವನು, ಓದಿದ್ದು ನಾಲ್ಕನೇ ಕ್ಲಾಸು. ಅಂಗಡಿಯಲ್ಲಿ ನನ್ನ ಬೆಂಚಿನ ಪಕ್ಕದ ಬೆಂಚು ಅವನದು. ನಾನು ಅವನನ್ನು ಏಕವಚನದಲ್ಲೇ ಕರೆಯುತ್ತಿದ್ದೆ, ಅವನು ನನ್ನನ್ನು ಮೂರ್ತಿಯೋರೆ ಎನ್ನುತ್ತಿದ್ದ. ಸರ್ಟಿಫಿಕೇಟು ನನ್ನದಾದ್ದರಿಂದ ಅದು ಇಬ್ಬರಿಗೂ ಸಹಜವಾಗಿ ಕಂಡಿತ್ತು. ಅವನ ಬಳಿ ಮೀಟರ್ ಇರಲಿಲ್ಲ. ಸೆಟ್ಟಿಗೆ ಕಿವಿ ಕೊಟ್ಟು, ಕಣ್ಣು ಮುಚ್ಚಿ, ಎಲ್ಲಿ ಕೆಟ್ಟಿದೆ ಎಂದು ಹೇಳಿಬಿಡುತ್ತಿದ್ದ. ಬಹುಪಾಲು ಸರಿಯಾಗಿರುತ್ತಿತ್ತು. ನನಗೆ ಅದು ಹಿಡಿಸುತ್ತಿರಲಿಲ್ಲ.

ಒಮ್ಮೆ ನಾನೇ ಒಂದು ಮನೆಯಲ್ಲಿ ಪ್ಲೇಯರನ್ನು ರೇಡಿಯೋಗೆ ಜೋಡಿಸಿದ್ದೆ. ದೇವರನಾಮದ ಪ್ಲೇಟು ಹಾಕಿದರೆ ಹಾಡಿನ ಕೆಳಗೆ ಯಾರೋ ಗಂಡಸು ಗೊಣಗುವ ಸದ್ದು. ಮನೆಯವರು ಹೆದರಿದರು. ನಾನು ವೈರು ಬದಲಿಸಿದೆ, ಸೂಜಿ ಬದಲಿಸಿದೆ, ಮತ್ತೆ ವೈರು ಬದಲಿಸಿದೆ. ಕೊನೆಗೆ ಸೆಟ್ಟನ್ನು ಅಂಗಡಿಗೆ ಹೊತ್ತು ತಂದೆ. ಮುನಿರಾಜು ತನ್ನ ಬೆಂಚಿನಿಂದಲೇ ಕೈ ಚಾಚಿ ಸ್ಟೇಷನ್ ತಿರುಗಿಸುವ ಗುಂಡಿಯನ್ನು ಸ್ವಲ್ಪ ಆಚೆ ತಳ್ಳಿದ. ಗೊಣಗಾಟ ನಿಂತಿತು. ಆ ಸೆಟ್ಟಿನಲ್ಲಿ ಪ್ಲೇಯರ್ ಸಿಕ್ಕಿಸಿದರೂ ರೇಡಿಯೋ ಒಳಗೆ ಸಣ್ಣಗೆ ನಡೆಯುತ್ತಲೇ ಇರುತ್ತಿತ್ತು. ಕೆಳಗೆ ಗೊಣಗುತ್ತಿದ್ದುದು ವಾರ್ತೆ. ಅವನು ನಗಲಿಲ್ಲ, ಯಾರಿಗೂ ಹೇಳಲೂ ಇಲ್ಲ. ಇವನು ನಗದೆ ಇರುವುದಕ್ಕೆ ಏನೋ ಕಾರಣವಿರಬೇಕೆಂದು ನಾನು ಆ ವಾರವಿಡೀ ಯೋಚಿಸಿದೆ. ನನ್ನ ಬುದ್ಧಿ ಎಂಥದ್ದೆಂದು ಇದರಿಂದಲೇ ತಿಳಿಯಬೇಕು.

ಗೋಪಾಲರಾಯರು ರೈಲ್ವೆಯಲ್ಲಿ ಗಾರ್ಡ್ ಆಗಿದ್ದು ನಿವೃತ್ತರಾದವರು. ಬೀದಿಯವರಿಗೆಲ್ಲ ಗಾರ್ಡ್ ರಾಯರು. ಅವರ ಜೊತೆ ಕೆಲಸ ಮಾಡಿದ ಆಂಗ್ಲೋ ಇಂಡಿಯನ್ ಡ್ರೈವರೊಬ್ಬರು ಸಂಸಾರ ಸಮೇತ ದೇಶ ಬಿಟ್ಟು ಹೋಗುವಾಗ ತಮ್ಮ ವಿಲಾಯಿತಿ ಸ್ಪೀಕರನ್ನು ಇವರ ಕೈಗೆ ಕೊಟ್ಟು ಹೋಗಿದ್ದರು. ಅದೆಂದರೆ ರಾಯರಿಗೆ ಪ್ರಾಣ. ಅದರಲ್ಲಿ ಅದುರಿ ಸದ್ದು ಹೊರಡಿಸುವ ಕಾಗದದ ಕೋನ್ ಅನ್ನು ಜಿರಲೆ ತಿಂದು ತೂತು ಮಾಡಿತ್ತು. ಹೊಸ ಕೋನ್ ತರಿಸಿ ಹಾಕಿ, ಅವರ ರೇಡಿಯೋಗೂ ಹೊಸ ಪ್ಲೇಯರಿಗೂ ಜೋಡಿಸಿಕೊಡುವ ಕೆಲಸ ನಮಗೆ ಬಂತು. ಕೋನ್ ಮದರಾಸಿನಿಂದ ಬರಲು ಎರಡು ತಿಂಗಳಾಯಿತು. ಸ್ಪೀಕರ್ ಒಪ್ಪಿಸುವಾಗ ರಾಯರು ನಮ್ಮೆದುರಿಗೇ ಅದರ ಅಯಸ್ಕಾಂತದ ಮೇಲೆ ಮೊಳೆಯಿಂದ ತಮ್ಮ ಹೆಸರಿನ ಮೊದಲಕ್ಷರ ಕೆತ್ತಿದರು.

ಕೋನ್ ಹಾಕುವುದು ಸೂಕ್ಷ್ಮದ ಕೆಲಸ. ಕೋನಿನ ನಡುವೆ ತಂತಿ ಸುತ್ತಿದ ಸಣ್ಣ ಬಳೆಯಂಥದ್ದು ಇರುತ್ತದೆ. ಅದು ಅಯಸ್ಕಾಂತದ ಕಿರಿದಾದ ಸಂದಿಯಲ್ಲಿ ಎಲ್ಲಿಯೂ ತಾಗದೆ ಆಡಬೇಕು. ಸುತ್ತಲೂ ಫಿಲ್ಮಿನ ಚೂರುಗಳನ್ನು ಸಿಕ್ಕಿಸಿ, ನಡುವಿಗೆ ನಿಲ್ಲಿಸಿ, ಅಂಟು ಹಾಕಿ, ಒಂದು ರಾತ್ರಿ ಒಣಗಲು ಬಿಡಬೇಕು. ಆಮೇಲೆ ಚೂರುಗಳನ್ನು ಎಳೆದು, ಸಂದಿಗೆ ದೂಳು ಹೋಗದಂತೆ ಮೇಲೆ ಒಂದು ಬಟ್ಟೆಯ ಬಿಲ್ಲೆ ಅಂಟಿಸಿದರೆ ಮುಗಿಯಿತು. ಮುನಿರಾಜುವಿನ ಕೈ ಇದಕ್ಕೆ ಹೆಸರಾಗಿತ್ತು. ಆಯುಧ ಪೂಜೆಯ ಹಿಂದಿನ ದಿನ ಅವನು ಕೋನ್ ಕೂರಿಸಿ ಒಣಗಲು ಇಟ್ಟ. ಪೂಜೆಯ ಬೆಳಿಗ್ಗೆ ಬಂದು ಚೂರುಗಳನ್ನು ಎಳೆದ. ಬಿಲ್ಲೆ ಅಂಟಿಸಲು ಕುಂಚ ಎತ್ತಿಕೊಂಡಾಗ ನಾನು ಬೇಡವೆಂದೆ.

"ಒಂದ್ ನಿಮಿಸದ ಕೆಲ್ಸ ಮೂರ್ತಿಯೋರೆ, ಬಾಯಿ ಮುಚ್ಬಿಡ್ತೀನಿ," ಎಂದ.

ಪೂಜೆಗೆ ಇಟ್ಟ ಉಪಕರಣಗಳನ್ನು ವಿಜಯದಶಮಿ ಕಳೆಯುವವರೆಗೆ ಮುಟ್ಟುವಂತಿಲ್ಲ, ಅಷ್ಟೂ ತಿಳಿಯದೇ ಎಂದೆ. ಅಂಗಡಿಯ ಪೂಜೆ ಮಾಡುವವನು ನಾನೇ. ಮಂತ್ರ ಬರುತ್ತಿದ್ದುದು ನನಗೊಬ್ಬನಿಗೇ ಆದ್ದರಿಂದ ಆ ದಿನ ಯಜಮಾನರೂ ನನ್ನ ಮಾತಿಗೆ ತಲೆಬಾಗುತ್ತಿದ್ದರು. ಮುನಿರಾಜು ಕುಂಚ ಕೆಳಗಿಟ್ಟ. ಪೂಜೆ ಮುಗಿದು, ಬೂದುಗುಂಬಳ ಒಡೆದು, ಕಡಲೆಪುರಿ ಹಂಚಿದ ಮೇಲೆ ಅವನು ಊರಿಗೆ ಹೊರಟ. ಕಂಕುಳಲ್ಲಿ ಹಳೆ ಪೇಪರಿನಲ್ಲಿ ಸುತ್ತಿದ ದುಂಡನೆಯ ಒಂದು ಗಂಟಿತ್ತು. ನಾನು ನೋಡಿದೆ. ಕೇಳಲಿಲ್ಲ. ನೋಡಿದ್ದನ್ನು ಮನಸ್ಸಿನಲ್ಲಿ ಬರೆದಿಟ್ಟುಕೊಂಡೆ.

ಹಬ್ಬ ಕಳೆದು ಅಂಗಡಿ ತೆರೆದಾಗ ಮುನಿರಾಜು ಇನ್ನೂ ಬಂದಿರಲಿಲ್ಲ. ರಾಯರು ಅವಸರ ಮಾಡುತ್ತಿದ್ದರು. ನಾನೇ ಸ್ಪೀಕರನ್ನು ಒರೆಸಿ ಬಿಲ್ಲೆ ಅಂಟಿಸಿದೆ. ಮಾರನೆಯ ದಿನ ಬಂದ ಮುನಿರಾಜು ಅದನ್ನು ಸೈಕಲ್ಲಿನ ಮೇಲೆ ಒಯ್ದು, ಪೆಟ್ಟಿಗೆಯಲ್ಲಿ ಕೂರಿಸಿ, ರೇಡಿಯೋಗೆ ಜೋಡಿಸಿ, ವೀಣೆ ಬರುತ್ತಿತ್ತಂತೆ, ಸಣ್ಣ ಸದ್ದಿನಲ್ಲಿ ಕೇಳಿಸಿ ಬಂದ. ಸಾಯಂಕಾಲ ರಾಯರು ಹೊಸ ಪ್ಲೇಯರನ್ನು ಹಚ್ಚಿ, ಬೀದಿಗೆಲ್ಲ ಕೇಳಲೆಂದು ಸದ್ದು ಏರಿಸಿದರು. ನಾದಸ್ವರ ಮೇಲಕ್ಕೆ ಹೋದಾಗ ಏನೂ ಇಲ್ಲ. ಡೋಲು ಬಡಿದ ಕೂಡಲೇ ಗರಗರ. ಬೆಳಗಾಗುತ್ತಲೇ ರಾಯರು ಅಂಗಡಿಗೆ ಬಂದು ಸ್ಪೀಕರನ್ನು ಯಜಮಾನರ ಮೇಜಿನ ಮೇಲೆ ಇಟ್ಟು ತಮ್ಮ ಗುರುತಿನ ಮೇಲೆ ಬೆರಳಿಟ್ಟರು.

"ಕಬ್ಬಿಣ ನನ್ನದು ಸುಬ್ಬಯ್ಯನೋರೆ. ಕಾಗದ ನನ್ನದಲ್ಲ. ನನ್ನ ಹೊಸ ಕಾಗದ ಎಲ್ಲಿ ಹೋಯ್ತು ಅಂತ ನೀವೇ ಹೇಳ್ಬೇಕು," ಎಂದರು.

ಕಾರಣ ಹುಡುಕುವ ಕೆಲಸ ನನ್ನ ಪಾಲಿಗೆ ಬಂತು. ಎರಡು ದಿನ ತೆಗೆದುಕೊಂಡೆ. ಗಿರಾಕಿಯಿಂದ ಶುರು ಮಾಡಿದೆ. ರಾಯರು ಸದ್ದನ್ನು ವಿಪರೀತ ಏರಿಸಿದ್ದರೇ ಎಂದು ಅವರ ಮನೆಗೆ ಹೋಗಿ ನೋಡಿದೆ. ಪ್ಲೇಯರಿನ ಸೂಜಿ ಬದಲಿಸಿದೆ. ಸೂಜಿ ಹಿಡಿದ ಪಿಕಪ್ಪಿನ ವೈರನ್ನು ಹೊಸ ಬೆಸುಗೆ ಹಾಕಿ ಜೋಡಿಸಿದೆ. ಮೀಟರ್ ಹಿಡಿದು ಕರೆಂಟು ನೋಡಿದೆ. ರೇಡಿಯೋದ ದೊಡ್ಡ ವಾಲ್ವ್ ಬದಲಿಸಿದೆ. ಬೇರೆ ಸ್ಪೀಕರ್ ಕೊಟ್ಟರೆ ಡೋಲು ಸ್ವಚ್ಛ, ಈ ಸ್ಪೀಕರ್ ಕೊಟ್ಟರೆ ಗರಗರ. ಅಲ್ಲಿಗೆ ಉಳಿದವರೆಲ್ಲ ನಿರ್ದೋಷಿಗಳು. ಕೋನನ್ನು ಬೆರಳ ತುದಿಯಿಂದ ಮೆಲ್ಲಗೆ ಒತ್ತಿ ಕಿವಿಗೊಟ್ಟೆ. ಒಳಗೆ ಏನೋ ಉಜ್ಜುತ್ತಿತ್ತು. ಹಳೆಯ ಕೋನ್ ನಡು ತಪ್ಪಿದರೆ ಹೀಗೆಯೇ ಉಜ್ಜುತ್ತದೆ. ಆಗ ಬಿಲ್ಲೆಯ ಸುತ್ತ, ಕಪ್ಪು ಕಾಗದದ ಮೇಲೆ, ಕೆಂಪನೆಯ ಕಲೆ ಕಂಡಿತು. ತುಕ್ಕು. ಹೊಸ ಕೋನಿಗೆ ಎಲ್ಲಿಂದ ಬರಬೇಕು ತುಕ್ಕು? ಯಾವುದೋ ಗುಜರಿ ಸ್ಪೀಕರಿನಿಂದ ಕಿತ್ತ ಕಾಗದ ಇದು ಎಂದುಕೊಂಡೆ. ಮುನಿರಾಜುವಿನ ಕಂಕುಳಿನ ದುಂಡನೆಯ ಗಂಟು ನೆನಪಿಗೆ ಬಂತು. ಹೊಸ ಕೋನ್ ಅದರಲ್ಲೇ ಹೋಗಿರಬೇಕು. ಎಲ್ಲವೂ ಒಂದಕ್ಕೊಂದು ಕೂಡಿಕೊಂಡಿತು. ನಿಜ ಹೇಳುತ್ತೇನೆ, ಆ ಕ್ಷಣ ನನಗೆ ಸಂತೋಷವಾಯಿತು.

ಬಿಲ್ಲೆ ಕಿತ್ತು ಒಳಗೆ ನೋಡಬಹುದಿತ್ತು. ನೋಡಲಿಲ್ಲ. ನಾನೇ ಅಂಟಿಸಿದ ಬಿಲ್ಲೆ, ಅದರ ಕೆಳಗೆ ಏನಿರುತ್ತದೆ? ಎದ್ದು ಯಜಮಾನರ ಬಳಿಗೆ ಹೋಗಿ ಗಂಟಿನ ಸಮೇತ ಎಲ್ಲವನ್ನೂ ಹೇಳಿದೆ.

ಅವರು ಮುನಿರಾಜುವನ್ನು ಕರೆದು, ಹಬ್ಬದ ದಿನ ಕಂಕುಳಲ್ಲಿ ಏನು ಒಯ್ದೆ ಎಂದು ಕೇಳಿದರು. ಗುಜರಿ ಡಬ್ಬದಲ್ಲಿ ಬಿಸಾಕಿದ್ದ ಸ್ಪೀಕರು ಎಂದ. ಯಾರನ್ನು ಕೇಳಿ ತೆಗೆದುಕೊಂಡೆ ಎಂದರು. ಬಿಸಾಕಿದ್ದನ್ನು ಯಾರನ್ನ ಕೇಳಬೇಕು ಸ್ವಾಮಿ ಎಂದ. ಅದು ಯಜಮಾನರಿಗೆ ಎದುರು ಮಾತಾಗಿ ಕೇಳಿಸಿತು. ಗಾರ್ಡ್ ರಾಯರ ಹೊಸ ಕೋನ್ ತಂದು ಒಪ್ಪಿಸಿದರೆ ಸರಿ, ಇಲ್ಲದಿದ್ದರೆ ನಾಳೆಯಿಂದ ಬರಬೇಡ ಎಂದರು. ಮುನಿರಾಜು ನನ್ನ ಕಡೆ ತಿರುಗಿದ.

"ಬಿಲ್ಲೆ ಕಿತ್ತು ನೋಡಿದ್ರಾ ಮೂರ್ತಿಯೋರೆ?"

ಅವನು ಅಂಗಡಿಯ ಕೀಲಿಕೈಯನ್ನು ಮೇಜಿನ ಮೇಲೆ ಇಟ್ಟು ಹೊರಗೆ ಹೋದ. ಯಜಮಾನರು ಸ್ಪೀಕರನ್ನು ಹಾಗೆಯೇ ಪೇಪರಿನಲ್ಲಿ ಸುತ್ತಿ, ಸಾಕ್ಷಿಗೆ ಇರಲಿ ಎಂದು ಬೀರುವಿನಲ್ಲಿ ಇಟ್ಟು ಬೀಗ ಹಾಕಿದರು. ರಾಯರಿಗೆ ಬೇರೆ ಸ್ಪೀಕರ್ ಕೊಟ್ಟರು. ಅವರು ಅದನ್ನು ಮೂಗು ಮುರಿದುಕೊಂಡೇ ಒಯ್ದರು. ಮಲ್ಲೇಶ್ವರದ ಕಡೆಯ ರಿಪೇರಿ ಅಂಗಡಿಗಳವರಿಗೆಲ್ಲ ಯಜಮಾನರು ವಿಷಯ ಮುಟ್ಟಿಸಿದರು. ಕೈ ಶುದ್ಧವಿಲ್ಲ ಎಂಬ ಎರಡು ಪದ ಸಾಕಾಗಿತ್ತು. ಆ ಕಸುಬಿನಲ್ಲಿ ಮುನಿರಾಜುವಿಗೆ ಯಾರೂ ಬೆಂಚು ಕೊಡಲಿಲ್ಲ. ಹೆಬ್ಬಾಳದಾಚೆ ಯಾರದೋ ದ್ರಾಕ್ಷಿ ತೋಟದಲ್ಲಿ ಪಂಪ್‌ಸೆಟ್ಟು ನೋಡಿಕೊಳ್ಳುತ್ತಿದ್ದಾನೆಂದು ಆಮೇಲೆ ಕಿವಿಗೆ ಬಿತ್ತು.

ಆ ವರ್ಷ ನಾನು ಕೋನ್ ಹಾಕುವ ಕೆಲಸವನ್ನೂ ವಹಿಸಿಕೊಂಡೆ. ಟ್ರಾನ್ಸಿಸ್ಟರ್ ಸೆಟ್ಟುಗಳು ಬರತೊಡಗಿದ್ದವು. ವಾಲ್ವ್ ಹಿಡಿದು ನೋಡುತ್ತಿದ್ದ ಕೈಗೆ ಅವು ಆಟದ ಸಾಮಾನಿನಂತೆ ಕಾಣುತ್ತಿದ್ದವು. ಕಿವಿಯಿಂದ ನೋಡುವವರು ಹೋಗಿ ಮೀಟರಿನಿಂದ ನೋಡುವವರ ಕಾಲ ಬಂತೆಂದು ನಾನು ಬೀಗುತ್ತಿದ್ದೆ. ಪಕ್ಕದ ಬೆಂಚು ಖಾಲಿಯಿತ್ತು. ಅದರ ಮೇಲೆ ನನ್ನ ಊಟದ ಡಬ್ಬಿ ಇಡುತ್ತಿದ್ದೆ.

ಮತ್ತೆ ಆಯುಧ ಪೂಜೆ ಬಂತು. ನಾನು ಮಡಿಯುಟ್ಟು, ಬೆಂಚಿನ ಮೇಲೆ ಸ್ಕ್ರೂಡ್ರೈವರು, ಬೆಸುಗೆಯ ಕಡ್ಡಿ, ಮೀಟರು, ರಿಪೇರಿಗೆ ಬಂದ ಸೆಟ್ಟುಗಳು ಎಲ್ಲವನ್ನೂ ಸಾಲಾಗಿ ಇಟ್ಟೆ. ಅರ್ಧ ಕೆಲಸವಾದ ಒಂದು ಸ್ಪೀಕರ್ ಬಾಯಿ ಮೇಲೆ ಮಾಡಿ ಮಲಗಿತ್ತು, ಇನ್ನೂ ಬಿಲ್ಲೆ ಅಂಟಿಸಿರಲಿಲ್ಲ. ಅದರ ಮೇಲೆ ಪೇಪರ್ ಮುಚ್ಚಿದ್ದೆ. ಪೂಜೆಗೆ ಪೇಪರ್ ತೆಗೆದೆ. ಮಂತ್ರ ಹೇಳುತ್ತಾ ತೀರ್ಥ ಪ್ರೋಕ್ಷಿಸಿದೆ, ಅಕ್ಷತೆ ಹಾಕಿದೆ, ಚಿಟಿಕೆ ಚಿಟಿಕೆಯಾಗಿ ಕುಂಕುಮ ಎರಚಿದೆ. ಸ್ಪೀಕರಿನ ಮೇಲೆ ಸ್ವಲ್ಪ ಹೆಚ್ಚೇ ಬಿತ್ತು. ಪಂಚೆಯ ಅಂಚಿನಿಂದ ಒರೆಸಿದೆ. ಕಪ್ಪು ಕಾಗದದ ಮೇಲೆ ಕೆಂಪನೆಯ ಕಲೆ ನಿಂತಿತು.

ಆ ಕಲೆಯನ್ನು ನಾನು ಮೊದಲೂ ನೋಡಿದ್ದೆ.

ಹಿಂದಿನ ವರ್ಷವೂ ಪೇಪರ್ ಇತ್ತು. ಮುನಿರಾಜು ರಾಯರ ಸ್ಪೀಕರಿನ ಮೇಲೆ ಪೇಪರ್ ಹೊದಿಸಿ, ನಾಲ್ಕು ಮೂಲೆಗೆ ನಾಲ್ಕು ನಟ್ಟು ಇಟ್ಟಿದ್ದ. ಮುಖ ಮುಚ್ಚಿದ್ದಕ್ಕೆ ಎಂಥ ಪೂಜೆ ಎಂದು ಅದನ್ನು ತೆಗೆದವನು ನಾನು. ಅದೂ ಈಗ ನೆನಪಿಗೆ ಬಂತು.

ಮಂಗಳಾರತಿಗೆ ಕಾಯುತ್ತಿದ್ದ ಯಜಮಾನರನ್ನು ಬೀರುವಿನ ಬೀಗದ ಕೈ ಕೇಳಿದೆ. ಅವರು ಏನು, ಏಕೆ ಎನ್ನುವಷ್ಟರಲ್ಲಿ ಸಾಕ್ಷಿಯ ಗಂಟನ್ನು ಬಿಚ್ಚಿ, ಪೂಜೆಗೆ ಇಟ್ಟಿದ್ದ ಬ್ಲೇಡನ್ನು ಎತ್ತಿಕೊಂಡೆ. ಮುಟ್ಟಬೇಡ ಎಂದು ಅವರು ಕೂಗಿದರು. ಬಿಲ್ಲೆಯನ್ನು ಸುತ್ತಲೂ ಕೊಯ್ದು ತೆಗೆದೆ. ಸಂದಿಯ ತುಂಬ ಕುಂಕುಮ, ತೀರ್ಥದ ತೇವಕ್ಕೆ ಗಟ್ಟಿಯಾಗಿ ಕಚ್ಚಿಕೊಂಡಿತ್ತು. ಅಕ್ಷತೆಯ ಅರ್ಧ ಕಾಳೂ ಇತ್ತು. ಬಿಲ್ಲೆಯ ಮರೆಯಲ್ಲಿದ್ದ ಕಾಗದದ ಮೇಲೆ ಮದರಾಸಿನ ಕಂಪನಿಯ ಮೊಹರು, ಶಾಯಿ ಕೂಡ ಮಾಸಿರಲಿಲ್ಲ. ಕಾಗದದ ಪಟ್ಟಿಯನ್ನು ಸಂದಿಯಲ್ಲಿ ಆಡಿಸಿ ಕುಂಕುಮವನ್ನೆಲ್ಲ ತೆಗೆದೆ. ಪ್ಲೇಯರಿಗೆ ಜೋಡಿಸಿ ಸದ್ದು ಏರಿಸಿದೆ. ಡೋಲು ಗುಡುಗಿತು. ಗರಗರ ಇಲ್ಲ.

ಹೆಬ್ಬಾಳದ ಆಕೆ ರೇಡಿಯೋವನ್ನು ರಾಗಿಯಲ್ಲಿ ಹೂತಿದ್ದಕ್ಕೆ ನಕ್ಕವನು ನಾನು. ಆಕೆಗೆ ಒಳಗೆ ಏನಿದೆಯೆಂದು ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು, ಸರ್ಟಿಫಿಕೇಟೂ ಇತ್ತು.

ಯಜಮಾನರು ಪ್ಲೇಯರನ್ನು ನಿಲ್ಲಿಸಿದರು. ಆಮೇಲೆ, ಆದದ್ದು ಆಯಿತು, ಹಬ್ಬದ ದಿನ ಇದನ್ನು ಎತ್ತುವುದು ಬೇಡ, ಹೊಸ ಬಿಲ್ಲೆ ಅಂಟಿಸಿ ಇಟ್ಟುಬಿಡು ಎಂದರು. ಹೊರಗೆ ಗೊತ್ತಾದರೆ ಅಂಗಡಿಯ ಹೆಸರು ಹೋಗುತ್ತದೆ ಎಂದೂ ಸೇರಿಸಿದರು. ಅವರ ಮಾತನ್ನು ನಾನು ಮೀರಿದ್ದು ಅದೊಂದೇ ಸಲ. ಸ್ಪೀಕರನ್ನು ನೇರವಾಗಿ ಗಾರ್ಡ್ ರಾಯರ ಮನೆಗೆ ಒಯ್ದು, ನಡೆದದ್ದನ್ನು ಹೇಳಿ ಒಪ್ಪಿಸಿದೆ. ರಾಯರು ತಮ್ಮ ಗುರುತನ್ನು ಸವರಿ ನೋಡಿಕೊಂಡರು. ಬೈಯುತ್ತಾರೆಂದುಕೊಂಡೆ. ಬೈಯಲಿಲ್ಲ.

"ಹಾಗಾದ್ರೆ ಆ ಮನುಷ್ಯ ಈಗ ಎಲ್ಲಿದಾನೆ?" ಎಂದು ಕೇಳಿದರು.

ಮಲ್ಲೇಶ್ವರದ ಅಂಗಡಿಗಳಿಗೂ ಹೋಗಿ ಹೇಳಿದೆ. ಒಬ್ಬರು ನಂಬಿದರು. ಇನ್ನೊಬ್ಬರು, ಈಗೇಕೆ ಅವನ ಪರ ಮಾತಾಡುತ್ತಿದ್ದೀರಿ, ನಿಮಗೇನು ಸಿಕ್ಕಿತು ಎಂದರು. ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಕೇಳುತ್ತಿದ್ದೆ.

ವಿಜಯದಶಮಿಯ ಮಧ್ಯಾಹ್ನ ಸೈಕಲ್ ತುಳಿದುಕೊಂಡು ಹೆಬ್ಬಾಳದ ಕೆರೆ ಏರಿ ದಾಟಿ ಬ್ಯಾಟರಾಯನಪುರಕ್ಕೆ ಹೋದೆ. ಅಭ್ಯಾಸಬಲದಿಂದ ಕೆಲಸದ ಚೀಲವನ್ನೂ ತಗುಲಿಸಿಕೊಂಡಿದ್ದೆ. ಜಗಲಿಯಲ್ಲಿ ಕೂತಿದ್ದ ಮುದುಕಿ ಚೀಲ ನೋಡಿ, ಲೈಸೆನ್ಸ್ ಕಟ್ಟಿದ್ದೀವಿ, ಪುಸ್ತಕ ಒಳಗೈತೆ ಎಂದು ಜೋರಾಗಿ ಹೇಳಿದರು. ಮುನಿರಾಜುವಿನ ತಾಯಿ. ಕಿವಿ ಬಹಳ ಮಂದವಾಗಿತ್ತು. ಮುನಿರಾಜು ಹೊರಗೆ ಬಂದ. ನನ್ನನ್ನು ನೋಡಿ ಒಂದು ಗಳಿಗೆ ನಿಂತು, ಒಳಗೆ ಕರೆದು ಚಾಪೆ ಹಾಸಿದ. ಅವನು ಮತ್ತೆ ನಮ್ಮ ಅಂಗಡಿಗೆ ಬರಲಿಲ್ಲವೆಂದು ಈಗಲೇ ಹೇಳಿಬಿಡುತ್ತೇನೆ, ನೀವು ಆಸೆ ಇಟ್ಟುಕೊಳ್ಳುವುದು ಬೇಡ. ಮುಂದೆ ಕೆಲವು ವರ್ಷದ ಮೇಲೆ ಯಲಹಂಕದಲ್ಲಿ ತನ್ನದೇ ಒಂದು ಬೆಂಚು ಹಾಕಿಕೊಂಡ.

ಗೋಡೆಯ ಗೂಡಿನಲ್ಲಿ ಹಳೆಯ ಬಿಡಿಭಾಗಗಳಿಂದ ಅವನೇ ಕೂಡಿಸಿದ ರೇಡಿಯೋ ಇತ್ತು. ಅದರಿಂದ ಎರಡೆಳೆ ವೈರು ಇಳಿದು ನೆಲದ ಮೇಲಿನ ದೊಡ್ಡ ಮಡಕೆಗೆ ಹೋಗಿತ್ತು. ಮಡಕೆಯ ಬಾಯ ಮೇಲೆ ಒಂದು ಸ್ಪೀಕರನ್ನು ಕೂರಿಸಿ, ಸುತ್ತ ಜೇಡಿಮಣ್ಣು ಮೆತ್ತಿದ್ದ. ತಾಯಿ ಮಡಕೆಗೆ ಕೈ ಇಟ್ಟು ಕೆನ್ನೆ ಆನಿಸಿದರೆ ಹಾಡು ಮೈಗೇ ತಿಳಿಯುತ್ತದಂತೆ. ಅವನು ರೇಡಿಯೋ ಹಾಕಿದ. ಯಾರೋ ಗಂಭೀರವಾಗಿ ಹಾಡುತ್ತಿದ್ದರು. ನಾನು ಬಗ್ಗಿ ಕಿವಿಗೊಟ್ಟೆ. ಎಲ್ಲಿಯೂ ಒಡಕಿಲ್ಲ, ಗೊಣಗಾಟವಿಲ್ಲ. ಸ್ಪೀಕರಿನ ಕೋನ್ ಹರಿದ ಕಡೆಯಲ್ಲೆಲ್ಲ ತೆಳುವಾದ ಕಾಗದವನ್ನು ಗಂಜಿಯಿಂದ ಅಂಟಿಸಿದ್ದ. ಚೌಕಟ್ಟಿನ ಅಂಚಿನಲ್ಲಿ ಕೆಂಪು ಪೆನ್ಸಿಲಿನಲ್ಲಿ ಬರೆದ ಅಕ್ಷರ ಇನ್ನೂ ಓದುವಂತಿತ್ತು. ಪ್ರಯೋಜನವಿಲ್ಲ, ಬಿಸಾಡಿ. ಅಕ್ಷರ ನನ್ನದು. ಆ ಹಬ್ಬದ ವಾರ ಗುಜರಿ ಡಬ್ಬಕ್ಕೆ ಅದನ್ನು ಹಾಕಿದವನು ನಾನೇ.

ಕುಂಕುಮದ ವಿಷಯ ಹೇಳಿದೆ. ಬಿಲ್ಲೆ, ಮೊಹರು, ಅರ್ಧ ಕಾಳು, ಎಲ್ಲವನ್ನೂ ಹೇಳಿದೆ. ತಪ್ಪು ನನ್ನದು ಎಂದೆ. ನೀವು ಮತ್ತೆ ಬರಬೇಕು ಎಂದೆ. ಅವನನ್ನು ನೀವು ಎಂದು ಕರೆದದ್ದು ಅದೇ ಮೊದಲು, ನನಗೇ ಅದು ತಡವಾಗಿ ಕೇಳಿಸಿತು. ಅವನು ರೇಡಿಯೋದ ಸದ್ದು ತಗ್ಗಿಸಿದ.

"ಸೂಜಿ ನೋಡಿದ್ರಿ, ವೈರ್ ನೋಡಿದ್ರಿ, ವಾಲ್ವ್ ಬದ್ಲಾಯಿಸಿ ನೋಡಿದ್ರಿ. ಕರೆಂಟ್ನೂ ಬಿಡ್ಲಿಲ್ಲ ನೀವು," ಎಂದ. ದನಿಯಲ್ಲಿ ಸಿಟ್ಟಿರಲಿಲ್ಲ. "ಪಕ್ಕದ್ ಬೆಂಚಲ್ಲಿ ಕೂತಿದ್ದೆ ಮೂರ್ತಿಯೋರೆ. ನನ್ನೊಬ್ಬನ್ನ ಏನೂ ಕೇಳ್ಲಿಲ್ಲ."

ನನಗೆ ನಾಚಿಕೆಯಾಯಿತು. ಈಗ ಬರೆಯುವಾಗಲೂ ಆಗುತ್ತಿದೆ.

ಅಷ್ಟರಲ್ಲಿ ಮುದುಕಿ ಒಳಗೆ ಬಂದಿದ್ದರು. ಯಾರು ಇವರು, ಏನಂತೆ ಎಂದು ಮಗನನ್ನು ಕೇಳಿದರು. ಅವನು ಅವರ ಕಿವಿಯ ಹತ್ತಿರ ಬಾಯಿಟ್ಟು ಜೋರಾಗಿ, ಪ್ರತಿ ಮಾತೂ ನನಗೆ ಕೇಳುವಂತೆ ಹೇಳಿದ.

"ಅಂಗ್ಡಿಯೋರು ಕಣವ್ವ. ಓದೊರ್ಸ ಒಂದ್ ಸ್ಪೀಕರ್ ಕೆಟ್ಟಿತ್ತಲ್ಲ, ಅದು ಯಾಕೆ ಕೆಟ್ಟಿತ್ತು ಅಂತ ನಿನ್ನೆ ಗೊತ್ತಾಯ್ತಂತೆ. ಯೋಳಕ್ ಬಂದವ್ರೆ."

ಮುದುಕಿ ನನ್ನನ್ನೂ ನನ್ನ ಚೀಲವನ್ನೂ ಮೇಲಿನಿಂದ ಕೆಳಗೆ ನೋಡಿದರು.

"ಅಷ್ಟಕ್ಕೆ ಒಂದೊರ್ಸ ಬೇಕಾಯ್ತಾ ಇವ್ರಿಗೆ?" ಎಂದು ಮಗನನ್ನೇ ಕೇಳಿದರು. "ನಿನ್ ಕೈಗ್ ಕೊಟ್ಟಿದ್ರೆ ಅರ್ಧ ಗಂಟೇಲಿ ಯೋಳ್ತಿದ್ಯಲ್ಲೋ."